ಜಗಳಗಂಟಿ ತಾಯಿಯ ಪಕ್ಷ

ಈ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೂ ನನ್ನ ಬಹುಕಾಲದ ಮಿತ್ರರೂ ಆದ ಉಪಾಧ್ಯಾಯ ಮಹಾಶಯರೊಬ್ಬರು ಶಾಲೆಗಳ ಈಗಿನ ಸ್ಥಿತಿಯನ್ನು ಕುರಿತು ಒಂದು ದೀರ್ಘ ಲೇಖನವನ್ನು ಬರೆದಿರುವರು. ಅದರ ಬಹುಭಾಗಕ್ಕೆ ನನ್ನ ಸಮ್ಮತಿಯುಂಟು. ಉಪಾಧ್ಯಾಯನ ಮೇಲೆ ಗಣತಿಯ ಕೆಲಸ, ಚುನಾವಣೆಯ ಕೆಲಸ, ಮೊಟ್ಟೆ ಬಾಳೆಹಣ್ಣುಗಳ ಲೆಕ್ಕ ಇವೆಲ್ಲವನ್ನೂ ಹೇರಿ, ಕಡೆಗೆ ಪಾಠವೇಕೆ ಮುಗಿಯಲಿಲ್ಲವೆಂದು ಕೇಳುವುದು ಅನ್ಯಾಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಲೇಖನದ ಕೊನೆಯ ಎರಡು ಪುಟಗಳಲ್ಲಿ ವಿಕಲಚೇತನ ಮಕ್ಕಳ ತಾಯಿತಂದೆಗಳನ್ನು ಕುರಿತು ಅವರು ಆಡಿರುವ ಮಾತುಗಳನ್ನು ಓದಿ ನನಗೆ ಒಂದು ರಾತ್ರಿ ನಿದ್ರೆ ಬರಲಿಲ್ಲ. ಸ್ನೇಹವು ಬೇರೆ, ಸಿದ್ಧಾಂತವು ಬೇರೆ. ಆದುದರಿಂದ ಈ ಉತ್ತರ.

ಅವರ ಪಕ್ಷವನ್ನು ಅವರ ಬಲಕ್ಕೆ ಕುಂದಿಲ್ಲದಂತೆ ಮೊದಲು ಹೇಳಿಬಿಡುತ್ತೇನೆ. ಪೂರ್ವಪಕ್ಷವನ್ನು ಸರಿಯಾಗಿ ಹೇಳದವನಿಗೆ ಉತ್ತರ ಹೇಳುವ ಅಧಿಕಾರವಿಲ್ಲವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಿವಿಹಿಂಡಿ ಕಲಿಸಿದ್ದರು. ಇಂಥ ತಾಯಿತಂದೆಗಳು ಮಗುವಿನ ಮೇಲಣ ಮೋಹದಿಂದ ಶಾಲೆಯ ಕಷ್ಟವನ್ನು ಕಾಣದವರಾಗಿ, ಕಾಯಿದೆಯ ಪುಸ್ತಕವನ್ನು ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಕೊಠಡಿಗೆ ನುಗ್ಗುತ್ತಾರೆ. ಒಂದು ಮಗುವಿಗಾಗಿ ನಲವತ್ತು ಮಕ್ಕಳ ಪಾಠ ಕೆಡುತ್ತದೆ. ಅಂಥ ಮಕ್ಕಳಿಗೆ ವಿಶೇಷ ಶಾಲೆಗಳಿರುವಾಗ ಸಾಮಾನ್ಯ ಶಾಲೆಯನ್ನೇ ಹಟಹಿಡಿದು ಕೇಳುವುದೇಕೆ. ಗುರುವು ಎಲ್ಲರಿಗೂ ಸಮವಾಗಿಯೇ ಪಾಠ ಹೇಳುತ್ತಾನೆ, ಫಲದಲ್ಲಿ ಭೇದವಾದರೆ ಅದು ಗುರುವಿನ ದೋಷವಲ್ಲ. ಇಷ್ಟು ಅವರ ವಾದ. ನಿದರ್ಶನಕ್ಕಾಗಿ, ಹೆಸರು ಹೇಳದೆ, ನಮ್ಮೂರಿನ ಒಬ್ಬ ತಾಯಿಯ ವಿಚಾರವನ್ನು ಎತ್ತಿಕೊಂಡು, ಆಕೆ ‘ಮೇಲಧಿಕಾರಿಗಳಿಗೆ ಅರ್ಜಿ ಬರೆದು ಒಂದು ಒಳ್ಳೆಯ ಶಾಲೆಯ ಮಾನವನ್ನು ಬೀದಿಗೆ ತಂದ ಜಗಳಗಂಟಿ’ ಎಂದಿರುವರು.

ಆ ಅರ್ಜಿಯನ್ನು ಬರೆದುಕೊಟ್ಟವನು ನಾನು. ಆದುದರಿಂದ ಆ ಬಿರುದಿನಲ್ಲಿ ನನಗೂ ಪಾಲುಂಟು.

ನಡೆದುದನ್ನು ಹೇಳುತ್ತೇನೆ. ಆ ಹುಡುಗಿಗೆ ಹುಟ್ಟಿನಿಂದ ಮೆದುಳಿನ ಪಾರ್ಶ್ವವಾಯು. ಕಾಲುಗಳು ಬಿಗಿದುಕೊಂಡಿರುತ್ತವೆ, ಬಲಗೈ ಸ್ವಾಧೀನದಲ್ಲಿಲ್ಲ, ಮಾತು ನಿಧಾನ. ಬುದ್ಧಿ ಮಾತ್ರ ಕತ್ತಿಯ ಅಲಗು. ಎಂಟನೆಯ ತರಗತಿಯವರೆಗೆ ಕೆಳಗಿನ ಅಂತಸ್ತಿನಲ್ಲಿ ಕುಳಿತು ಓದಿದಳು. ಒಂಬತ್ತನೆಯ ತರಗತಿ ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ತಾಯಿ ಶಾಲೆಯವರನ್ನು ಕೇಳಿದುದು ಇಷ್ಟೇ: ‘ಒಂಬತ್ತನೆಯ ತರಗತಿಯನ್ನು ಕೆಳಕ್ಕೂ ಎಂಟನೆಯದನ್ನು ಮೇಲಕ್ಕೂ ಮಾಡಿ.’ ಕಟ್ಟಡ ಬೇಡ, ಯಂತ್ರ ಬೇಡ, ಕಾಸು ಬೇಡ. ‘ನೋಡೋಣ’ ಎಂದರು. ಜೂನ್ ತಿಂಗಳೆಲ್ಲ ಆಕೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹತ್ತಿದಳು, ಇಳಿದಳು. ಹದಿನಾಲ್ಕು ವರ್ಷದ ಹುಡುಗಿಯ ಭಾರವೆಷ್ಟೆಂಬುದನ್ನು ಲೇಖಕ ಮಹಾಶಯರು ಊಹಿಸಿಕೊಳ್ಳಲಿ. ಮಧ್ಯಾಹ್ನ ಶೌಚಕ್ಕೆ ಇಳಿಸುವವರಿಲ್ಲವೆಂದು ಆ ಮಗು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿತು. ತಾಯಿ ಮೂರು ಸಲ ಬರೆದು ಕೊಟ್ಟಳು. ಒಂದಕ್ಕೂ ಬರೆಹದ ಉತ್ತರವಿಲ್ಲ. ಬಾಯಿಮಾತಿನಲ್ಲಿ ಬಂದ ಉತ್ತರ ಮಾತ್ರ ಇದು: ‘ಒಬ್ಬಳಿಗೋಸ್ಕರ ಶಾಲೆಯನ್ನೇ ತಲೆಕೆಳಗು ಮಾಡೋಕಾಗುತ್ತೇನಮ್ಮ?’

ಆಗಸ್ಟ್ ತಿಂಗಳಲ್ಲಿ ಆಕೆ ನನ್ನ ಮನೆಯ ಜಗಲಿಗೆ ಬಂದು, ‘ಮೇಷ್ಟ್ರೇ, ಹೇಗೆ ಬರೆದರೆ ಉತ್ತರ ಕೊಡಲೇಬೇಕಾಗುತ್ತೋ ಹಾಗೆ ಬರೆದುಕೊಡಿ’ ಎಂದಳು. ಬರೆದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು, ಉಪನಿರ್ದೇಶಕರಿಗೆ ಅದರ ಪ್ರತಿ ಒಂದು. ಒಂಬತ್ತನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಹುಡುಗರೇ ಬೆಂಚುಗಳನ್ನು ಹೊತ್ತು ಎರಡು ತರಗತಿಗಳನ್ನೂ ಅದಲುಬದಲು ಮಾಡಿದರು. ಅರ್ಧ ಗಂಟೆ ಹಿಡಿಯಿತು. ಶಾಲೆಯು ತಲೆಕೆಳಗಾಗಲಿಲ್ಲ.

ಇದರಲ್ಲಿ ಯಾರ ಮಾನ ಬೀದಿಗೆ ಬಂದಿತು? ಅರ್ಧ ಗಂಟೆಯ ಕೆಲಸಕ್ಕೆ ಮೂರು ಪತ್ರಗಳೂ ಎರಡು ತಿಂಗಳೂ ಸಾಲದೆ ಹೋದವೆಂಬುದು ಬೀದಿಗೆ ಬಂದಿತು. ಅದನ್ನು ತಂದವಳು ಆ ತಾಯಿಯಲ್ಲ.

ಅದಿರಲಿ. ಲೇಖಕರು ಕಾಯಿದೆಯನ್ನು ಓದಿಯೇ ಬರೆದಿದ್ದಾರೆಂಬುದಕ್ಕೆ ಒಂದು ಗುರುತಿದೆ: 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣದಲ್ಲಿ ಸರ್ಕಾರವು ‘ಪ್ರಯತ್ನಿಸತಕ್ಕದ್ದು’ ಎಂದಿದೆಯೇ ಹೊರತು ‘ಮಾಡತಕ್ಕದ್ದು’ ಎಂದಿಲ್ಲ ಎಂದು ಎತ್ತಿ ತೋರಿಸಿರುವರು. ಓದಿದರೆ ಪೂರ್ತಿ ಓದಬೇಕು. ಆ ವಾಕ್ಯದ ಪೂರ್ವಾರ್ಧದಲ್ಲಿ ‘ಪ್ರಯತ್ನ’ವೆಂಬ ಶಬ್ದವಿರುವುದು ನಿಜ. ಅದೇ ವಾಕ್ಯದ ಉತ್ತರಾರ್ಧದಲ್ಲಿ, ಆ ಉದ್ದೇಶಕ್ಕಾಗಿ ಇವಿವನ್ನು ಮಾಡತಕ್ಕದ್ದೆಂದು ಎಂಟು ಕೆಲಸಗಳನ್ನು ವಿಧಿಸಿದೆ. ಭೇದವಿಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡವನ್ನೂ ಆವರಣವನ್ನೂ ಅವರು ಬಳಸುವಂತೆ ಮಾಡುವುದು, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಒದಗಿಸುವುದು, ಕಣ್ಣು ಕಾಣದ ಕಿವಿ ಕೇಳದ ಮಕ್ಕಳಿಗೆ ಅವರಿಗೆ ಒಗ್ಗುವ ಭಾಷೆಯಲ್ಲಿಯೂ ವಿಧಾನದಲ್ಲಿಯೂ ಕಲಿಸುವುದು, ಕಲಿಕೆಯ ನ್ಯೂನತೆಯನ್ನು ಆದಷ್ಟು ಬೇಗನೆ ಗುರುತಿಸುವುದು, ಪ್ರತಿಯೊಂದು ಮಗುವಿನ ಪ್ರಗತಿಯನ್ನೂ ಗಮನಿಸುತ್ತಿರುವುದು, ವಾಹನವನ್ನು ಒದಗಿಸುವುದು. ಇವು ವಿಧಿಗಳು. ಮೀಮಾಂಸೆಯಲ್ಲಿ ವಿಧಿಗೂ ಅರ್ಥವಾದಕ್ಕೂ ಇರುವ ಭೇದವನ್ನು ನನಗಿಂತ ಚೆನ್ನಾಗಿ ಬಲ್ಲ ಮಿತ್ರರು, ವಿಧಿವಾಕ್ಯವನ್ನು ಸ್ತುತಿವಾಕ್ಯವೆಂದು ತಿರುಗಿಸಿ ಹೇಳಿದುದು ನನಗೆ ಆಶ್ಚರ್ಯವನ್ನುಂಟುಮಾಡಿತು. ನಮ್ಮ ಶಾಲೆಗಳು ಇಂಥ ಮಗುವಿಗೆ ಏನನ್ನಾದರೂ ಮಾಡಿದರೆ ಅದನ್ನು ಕಾಮ್ಯಕರ್ಮವೆಂದು, ಎಂದರೆ ಪುಣ್ಯ ಬೇಕಾದವರು ಮಾಡತಕ್ಕದ್ದೆಂದು ಭಾವಿಸಿರುವುವು. ಅದು ನಿತ್ಯಕರ್ಮ. ಸಂಧ್ಯಾವಂದನೆಯನ್ನು ಮಾಡಿದವನನ್ನು ಯಾರೂ ಹೊಗಳುವುದಿಲ್ಲ; ಬಿಟ್ಟರೆ ಪ್ರತ್ಯವಾಯ ತಪ್ಪದು.

ಇನ್ನು ವಿಶೇಷ ಶಾಲೆಗಳ ಮಾತು. ವಿಶೇಷ ಶಾಲೆಗಳನ್ನು ಹಳಿಯುವವನು ನಾನಲ್ಲ. ಕುರುಡ ಕಿವುಡ ಮಕ್ಕಳಿಗೆಂದು ಮೈಸೂರಿನಲ್ಲಿ 1901ರಲ್ಲಿಯೇ ಶಾಲೆಯಾದುದು ನಮ್ಮ ನಾಡಿಗೆ ಗೌರವದ ಸಂಗತಿ. ಕಿವಿ ಕೇಳದ ಮಗು ತನ್ನಂತೆಯೇ ಕೈಯಲ್ಲಿ ಮಾತನಾಡುವ ಮಕ್ಕಳ ನಡುವೆ ಅರಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಯಾವ ಶಾಲೆ ಎಂಬುದನ್ನು ಆರಿಸತಕ್ಕವರು ಯಾರು? ಇದೇ ಅಧಿನಿಯಮದ 31ನೆಯ ಪ್ರಕರಣವು, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಮಗುವಿನ ಇಚ್ಛೆಯಂತೆ, ಉಚಿತ ಶಿಕ್ಷಣದ ಹಕ್ಕುಂಟೆಂದು ಹೇಳುತ್ತದೆ. ಇಚ್ಛೆ ಮಗುವಿನದು; ಮುಖ್ಯೋಪಾಧ್ಯಾಯರದಲ್ಲ. ‘ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಮ್ಮ, ಕರೆದುಕೊಂಡು ಹೋಗಿ’ ಎಂದು ಬಾಗಿಲಲ್ಲಿ ನಿಂತು ಹೇಳುವುದು ಸಲಹೆಯಲ್ಲ. ಹೊರಗಟ್ಟುವುದಕ್ಕೆ ಇಟ್ಟ ಸಭ್ಯವಾದ ಹೆಸರು. ವಿಶೇಷ ಶಾಲೆ ಜಿಲ್ಲಾ ಕೇಂದ್ರದಲ್ಲಿ; ಮಗು ಹಳ್ಳಿಯಲ್ಲಿ. ಏಳು ವರ್ಷದ ಕೂಸನ್ನು ವಸತಿಗೆ ಬಿಟ್ಟುಬರುವ ತಾಯಿಯ ಕರುಳನ್ನು ನಮ್ಮ ಮಿತ್ರರು ‘ಮೋಹ’ವೆಂದಿರುವರು. ಅವರ ಮೊಮ್ಮಗನನ್ನು ಎರಡು ದಿನ ಬಿಟ್ಟಿರಲಾರದೆ ಬೆಂಗಳೂರಿಗೆ ಬಸ್ಸು ಹತ್ತುವವರು ಅವರೇ ಎಂಬುದನ್ನು ನಾನು ಬಲ್ಲೆನಾದರೂ, ವೈಯಕ್ತಿಕ ವಿಚಾರವೆಂದು ಬೆಳಸುವುದಿಲ್ಲ.

ಮತ್ತೊಂದು ಮಾತು. ಇಂದು ಯಾವ ವಿಶೇಷ ಶಾಲೆಗಳನ್ನು ತೋರಿಸಿ ಈ ತಾಯಿತಂದೆಗಳ ಬಾಯಿ ಮುಚ್ಚಿಸಲಾಗುತ್ತಿದೆಯೋ, ಅವುಗಳಲ್ಲಿ ಹಲವು ಇಂಥ ‘ಜಗಳಗಂಟ’ರೇ ಕಟ್ಟಿದುವು. 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದ ಮಿಥು ಅಲೂರ್ ಅವರು ಮೆದುಳಿನ ಪಾರ್ಶ್ವವಾಯುವಿದ್ದ ಮಗಳ ತಾಯಿ. 1991ರಲ್ಲಿ ದೆಹಲಿಯಲ್ಲಿ ಆಟಿಸಂ ಮಕ್ಕಳಿಗಾಗಿ ಸಂಸ್ಥೆಯನ್ನು ತೆರೆದ ಮೇರಿ ಬರುವಾ ಅವರು ಅಂಥ ಮಗನ ತಾಯಿ. ಇಂಥ ತಾಯಿತಂದೆಗಳ ಸಂಘಗಳು ದೇಶದ ನಾನಾ ಭಾಗಗಳಿಂದ ಕೂಡಿ 1995ರಲ್ಲಿ ‘ಪರಿವಾರ್’ ಎಂಬ ಒಕ್ಕೂಟವಾದವು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಮಂಡಲಿಯಲ್ಲಿ ಪೋಷಕರ ಸಂಘಗಳಿಗೆ ಸ್ಥಾನ ದೊರೆತುದು ಯಾರೂ ಕರೆದು ಕೊಟ್ಟುದರಿಂದಲ್ಲ. ಇವರೆಲ್ಲರೂ ‘ನೋಡೋಣ’ ಎಂಬ ಮಾತನ್ನು ನಂಬಿ ಮನೆಗೆ ಹೋಗಿದ್ದರೆ ಈ ದಿನ ತೋರಿಸುವುದಕ್ಕೆ ಆ ಶಾಲೆಗಳೂ ಇರುತ್ತಿರಲಿಲ್ಲ.

ಈಗ ಲೇಖಕರ ಬ್ರಹ್ಮಾಸ್ತ್ರಕ್ಕೆ ಬರುತ್ತೇನೆ. ಗುರುವು ಜಾಣನಿಗೂ ಜಡನಿಗೂ ವಿದ್ಯೆಯನ್ನು ಒಂದೇ ತೆರನಾಗಿ ಕೊಡುತ್ತಾನೆ. ಸ್ವಚ್ಛವಾದ ಮಣಿಯು ಬಿಂಬವನ್ನು ಹಿಡಿಯುತ್ತದೆ, ಮಣ್ಣಿನ ಹೆಂಟೆಯು ಹಿಡಿಯುವುದಿಲ್ಲ. ಭವಭೂತಿಯ ಉತ್ತರರಾಮಚರಿತದ ಆ ಪ್ರಸಿದ್ಧ ಶ್ಲೋಕವನ್ನು ಅವರು ಸಮಗ್ರವಾಗಿ ಉದ್ಧರಿಸಿ, ‘ಮಹಾಕವಿಯ ಈ ತೀರ್ಪಿಗೆ ಮೇಲ್ಮನವಿಯಿಲ್ಲ’ ಎಂದು ಕೈತೊಳೆದುಕೊಂಡಿರುವರು. ಸ್ವಾಮಿ, ಆ ಶ್ಲೋಕವನ್ನು ನಾಟಕದಲ್ಲಿ ಹೇಳುವವರು ಯಾರು? ವಾಲ್ಮೀಕಿಯಲ್ಲ, ವಸಿಷ್ಠನಲ್ಲ, ಯಾವ ಗುರುವೂ ಅಲ್ಲ. ದ್ವಿತೀಯಾಂಕದ ಆರಂಭದಲ್ಲಿ ಆತ್ರೇಯಿ ಎಂಬ ವಿದ್ಯಾರ್ಥಿನಿ ಹೇಳುತ್ತಾಳೆ. ಎಲ್ಲಿ, ಏತಕ್ಕೆ? ದಂಡಕಾರಣ್ಯದ ದಾರಿಯಲ್ಲಿ, ವಾಲ್ಮೀಕಿಯ ಆಶ್ರಮವನ್ನು ಬಿಟ್ಟು ಬಂದೆಯೇಕೆಂದು ವನದೇವತೆಯಾದ ವಾಸಂತಿ ಕೇಳಿದಾಗ. ಕುಶಲವರ ಅಸಾಧಾರಣ ಬುದ್ಧಿಯ ಜೊತೆಗೆ ಪಾಠದಲ್ಲಿ ತನ್ನಂಥವರು ಸಾಗಲಾರರೆಂಬುದು ಅವಳು ಹೇಳುವ ಮೊದಲನೆಯ ವಿಘ್ನ. ಗುರುವು ಕಾವ್ಯರಚನೆಯಲ್ಲಿ ಮಗ್ನನಾದುದು ಎರಡನೆಯದು. ಎಂದರೆ ಅದು ಗುರುವಿನ ತೀರ್ಪಲ್ಲ. ಹಿಂದುಳಿದ ಶಿಷ್ಯೆಯ ದೂರು! ಅವಳು ಕಷ್ಟಪಟ್ಟು ಕಾಡುಹಾದಿಯನ್ನು ಹಿಡಿದು ಅಗಸ್ತ್ಯಾದಿಗಳಲ್ಲಿ ವೇದಾಂತವನ್ನು ಕಲಿಯಹೊರಟಿದ್ದಾಳೆ. ಅವಳನ್ನು ಮಣ್ಣಿನ ಹೆಂಟೆಯೆಂದು ಭವಭೂತಿಯು ಎಲ್ಲಿಯೂ ಬಿಟ್ಟುಬಿಡಲಿಲ್ಲ. ನಾವು ಉಪಾಧ್ಯಾಯರು ಮಾತ್ರ, ತರಗತಿಯಿಂದ ಹೊರಬಿದ್ದವಳ ಬಾಯಿಂದ ಬಂದ ಮಾತನ್ನು ಕಿತ್ತುಕೊಂಡು, ನೂರಾರು ವರ್ಷಗಳಿಂದ ನಮ್ಮ ನಿರ್ದೋಷತ್ವಕ್ಕೆ ಪ್ರಮಾಣಪತ್ರವಾಗಿ ಗೋಡೆಗೆ ತೂಗುಹಾಕಿಕೊಂಡಿದ್ದೇವೆ.

ಸಮವಾಗಿ ಕೊಡುವುದೆಂದರೆ ಒಂದೇ ತೆರನಾಗಿ ಕೊಡುವುದೆಂದು ನಮ್ಮ ಶಾಸ್ತ್ರ ಎಲ್ಲಿಯೂ ಹೇಳಿಲ್ಲ; ಅಧಿಕಾರಿಭೇದವೆಂಬ ಮಾತು ಹುಟ್ಟಿದುದೇ ಅದಕ್ಕಾಗಿ. ಪಂಚತಂತ್ರದ ಅಮರಶಕ್ತಿಯು ತನ್ನ ಮೂವರು ಮಕ್ಕಳು ಓದಿಗೆ ವಿಮುಖರಾದಾಗ, ‘ವಿಧಿ’ಯೆಂದು ಕೈಚೆಲ್ಲಲಿಲ್ಲ, ಸಭೆಯನ್ನು ಕರೆದನು. ವ್ಯಾಕರಣಕ್ಕೇ ಹನ್ನೆರಡು ವರ್ಷ ಬೇಕೆಂದು ಹೇಳಿದವರಿದ್ದರು. ಬೇರೆ ದಾರಿಯುಂಟೆಂದು ಸುಮತಿಯು ಹೇಳಿದನು. ವಿಷ್ಣುಶರ್ಮನು ಪಠ್ಯವನ್ನೇ ಬದಲಿಸಿ, ಕಾಗೆ ನರಿ ಆಮೆಗಳ ಕಥೆಗಳಲ್ಲಿ ನೀತಿಶಾಸ್ತ್ರವನ್ನಿಟ್ಟು ಆರು ತಿಂಗಳಲ್ಲಿ ಕಲಿಸಿದನು. ಆ ತಂದೆಯನ್ನು ಯಾರೂ ಜಗಳಗಂಟನೆನ್ನಲಿಲ್ಲ. ಏಕೆಂದರೆ ಅವನು ರಾಜ. ನಮ್ಮೂರ ತಾಯಿ ಹೊಲಿಗೆಯಂತ್ರದ ಮುಂದೆ ಕುಳಿತು ಜೀವಿಸುವವಳು.

ಇಲ್ಲಿ ನನ್ನ ಒಂದು ಅಪರಾಧವನ್ನು ಹೇಳದೆ ಮುಂದುವರಿದರೆ, ಪರರಿಗೆ ಬುದ್ಧಿ ಹೇಳುವ ಪಾಂಡಿತ್ಯ ಮಾತ್ರ ನನ್ನದಾದೀತು.

ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ದರ್ಜಿಯ ಮಗ. ಒಮ್ಮೆ ಹೇಳಿದ ಪದ್ಯವನ್ನು ಮರುದಿನ ಒಂದಕ್ಷರ ತಪ್ಪದೆ ಒಪ್ಪಿಸುವನು. ಮಗ್ಗಿ ಬಾಯಲ್ಲಿ ನೀರು. ಪುಸ್ತಕವನ್ನು ಕೈಗೆ ಕೊಟ್ಟರೆ ಮಾತ್ರ ಮೂಕನಾಗುವನು. ಬರೆದರೆ ಪಕಾರವು ಷಕಾರವಾಗುವುದು, ಒತ್ತಕ್ಷರಗಳು ಬಿದ್ದುಹೋಗುವುವು, ಸಾಲು ಸಾಲೇ ಮಾಯವಾಗುವುದು. ಸೋಮಾರಿಯೆಂದು ನಿರ್ಣಯಿಸಿದೆ. ತಪ್ಪಿದ ಪದವನ್ನು ನೂರು ಸಲ ಬರೆಸಿದೆ, ನೂರು ಸಲವೂ ತಪ್ಪನ್ನೇ ಬರೆದನು, ಬೆತ್ತವನ್ನು ತೆಗೆದುಕೊಂಡೆ. ಅವನ ತಂದೆ ನಾಲ್ಕು ಸಲ ನನ್ನ ಹತ್ತಿರ ಬಂದನು. ನಾಲ್ಕನೆಯ ಸಲ ಅಳತೆಪಟ್ಟಿ ಕೊರಳಲ್ಲಿದ್ದ ಹಾಗೆಯೇ ಅಂಗಡಿಯಿಂದೆದ್ದು ಬಂದವನು, ‘ಬುದ್ಧೀ, ಇವನಿಗೆ ಕಿವೀಲಿ ಕೇಳಿದ್ದು ನಿಲ್ಲುತ್ತೆ, ಕಣ್ಣಲ್ಲಿ ನೋಡಿದ್ದು ನಿಲ್ಲಲ್ಲ. ಬಾಯಲ್ಲೇ ಕೇಳಿ ಬುದ್ಧೀ, ಎಲ್ಲಾ ಹೇಳ್ತಾನೆ’ ಎಂದನು. ‘ಪಾಠ ಹೇಳುವುದನ್ನು ನನಗೆ ಕಲಿಸಬೇಡ, ಹೋಗಿ ಅಂಗಿ ಹೊಲಿ’ ಎಂದೆ. ಇಡೀ ತರಗತಿ ನಕ್ಕಿತು. ಹುಡುಗನೂ ಅಲ್ಲಿಯೇ ಇದ್ದನು.

ಏಳನೆಯ ತರಗತಿಗೆ ಅವನ ಓದು ನಿಂತಿತು.

ಡಿಸ್ಲೆಕ್ಸಿಯ ಎಂಬ ಶಬ್ದವನ್ನು ನಾನು ಕೇಳಿದುದು ಅದಾದ ಹತ್ತು ಹನ್ನೆರಡು ವರ್ಷಗಳ ಮೇಲೆ, ಒಂದು ತರಬೇತಿಯಲ್ಲಿ. ಆದರೆ ಶಬ್ದವು ತಿಳಿದಿರಲಿಲ್ಲವೆಂಬುದು ನನಗೆ ನೆಪವಾಗಲಾರದು. ನಾನು ಕಲಿತುದು ಹೇಗೆ? ಪಾಠಶಾಲೆಯಲ್ಲಿ ಗುರುಗಳ ಎದುರಿಗೆ ಕುಳಿತು, ಕಿವಿಯಿಂದ. ಅಮರಕೋಶ, ರೂಪಾವಳಿ, ಸೂತ್ರಗಳು, ಎಲ್ಲವೂ ಬಾಯಿಂದ ಬಾಯಿಗೆ. ಪರೀಕ್ಷೆಯೂ ಬಾಯಲ್ಲಿಯೇ. ಕಿವಿಯಿಂದ ಕಲಿತ ನಾನು, ಕಿವಿಯಿಂದ ಕಲಿಯಬಲ್ಲ ಒಂದು ಮಗುವನ್ನು ಕಣ್ಣಿನಿಂದ ಕಲಿಯಲಿಲ್ಲವೆಂದು ಹೊಡೆದೆ. ವೈದ್ಯರ ನೆರವಿಲ್ಲದೆ, ಪುಸ್ತಕದ ನೆರವಿಲ್ಲದೆ ರೋಗನಿರ್ಣಯವನ್ನೂ ಮದ್ದನ್ನೂ ಎರಡು ವಾಕ್ಯದಲ್ಲಿ ಹೇಳಿದವನು ಆ ದರ್ಜಿ. ಕಾನೂನು ಈಗ ಕೊಡಿಸುವ ಲಿಪಿಕಾರ, ಹೆಚ್ಚಿನ ವೇಳೆ, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳ ತಿರುಳೆಲ್ಲ ಆ ಮಾತಿನಲ್ಲಿದ್ದಿತು. ತಂದೆತಾಯಿಗಳಿಗೆ ಶಿಕ್ಷಣಶಾಸ್ತ್ರ ತಿಳಿಯದೆಂದು ನಮ್ಮ ಮಿತ್ರರು ಬರೆದ ಸಾಲನ್ನು ಓದಿದಾಗ ನನ್ನ ಕಣ್ಣೆದುರಿಗೆ ಬಂದುದು ಆ ಅಳತೆಪಟ್ಟಿ.

‘ನಲವತ್ತು ಮಕ್ಕಳ ಗತಿಯೇನು’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಅದು ಸುಳ್ಳು ಪ್ರಶ್ನೆಯಲ್ಲ. ಒಬ್ಬನೇ ಉಪಾಧ್ಯಾಯನು ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಅದರಲ್ಲಿ ಆಟಿಸಂ ಇರುವ ಮಗುವೊಂದು ಗದ್ದಲಕ್ಕೆ ಬೆದರಿ ಓಡುವಾಗ, ಅವನು ಏನು ಮಾಡಬೇಕು? ತಾಲ್ಲೂಕಿಗೆ ಬೆರಳೆಣಿಕೆಯಷ್ಟಿರುವ ಸಂಪನ್ಮೂಲ ಶಿಕ್ಷಕರು ಊರೂರು ಸುತ್ತಿ ಒಂದು ಶಾಲೆಗೆ ಎಷ್ಟು ಸಲ ಬಂದಾರು? ಈ ಕಷ್ಟವನ್ನು ನಾನು ಒಪ್ಪುತ್ತೇನೆ. ಆದರೆ ಈ ಕಷ್ಟವನ್ನು ಸರ್ಕಾರದ ಮುಂದೆ ಇಟ್ಟವರಾರು? ವಿಶೇಷ ಶಿಕ್ಷಕರೇ ಮೊರೆಹೊಕ್ಕ ಮೇಲೆ 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಮಕ್ಕಳ ಸಂಖ್ಯೆಗೆ ತಕ್ಕಷ್ಟು ವಿಶೇಷ ಶಿಕ್ಷಕರ ಕಾಯಂ ಹುದ್ದೆಗಳಿರಬೇಕೆಂದು ಹೇಳಿತು. ಅದು ನಡೆಯದಿದ್ದುದರಿಂದ 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ಆಜ್ಞಾಪಿಸಬೇಕಾಯಿತು. ಉಪಾಧ್ಯಾಯರು ನ್ಯಾಯಾಲಯಕ್ಕೆ ಹೋದರೆ ಹಕ್ಕಿನ ಹೋರಾಟ, ತಾಯಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಬರೆದರೆ ಜಗಳವೆ? ಆ ತಾಯಿಯ ಅರ್ಜಿಯ ಕೆಳಗೆ ಉಪಾಧ್ಯಾಯನು ‘ನನಗೂ ಸಹಾಯಕರು ಬೇಕು’ ಎಂದು ಒಂದು ಸಾಲು ಸೇರಿಸಿ ರುಜುಮಾಡಿ ಮೇಲಕ್ಕೆ ಕಳುಹಿಸಿದರೆ, ಆ ಕಾಗದವು ಅವನ ಶತ್ರುವೋ ಮಿತ್ರನೋ? ನಲವತ್ತು ಮಕ್ಕಳಿಗೂ ಒಂದು ಮಗುವಿಗೂ ಜಗಳ ಹಚ್ಚಿ, ಹುದ್ದೆಯನ್ನು ತುಂಬದ ಕಚೇರಿಯನ್ನು ಮರೆಯಲ್ಲಿ ನಿಲ್ಲಿಸುವುದರಿಂದ ಲಾಭ ಯಾರಿಗೆಂಬುದನ್ನು ಯೋಚಿಸಬೇಕು.

ಹಣವಿಲ್ಲವೆಂಬ ಮಾತು ನಮ್ಮಲ್ಲಿ ಮಾತ್ರವೇ ಹುಟ್ಟಿದುದಲ್ಲ. ಅಮೆರಿಕದ ರಾಜಧಾನಿಯ ಶಿಕ್ಷಣ ಮಂಡಲಿಯು ಇದೇ ಉತ್ತರವನ್ನು ಹೇಳಿತ್ತು. ಹಣ ಸಾಲದಿದ್ದರೆ, ಇರುವ ಹಣವನ್ನು ಯಾವ ಮಗುವೂ ಪೂರ್ತಿಯಾಗಿ ಹೊರಗುಳಿಯದಂತೆ ಹಂಚಬೇಕು. ಕೊರತೆಯ ಭಾರವೆಲ್ಲ ವಿಕಲಚೇತನ ಮಕ್ಕಳ ಮೇಲೆಯೇ ಬೀಳಕೂಡದು ಎಂದು 1972ರಲ್ಲಿ ಮಿಲ್ಸ್ ಮೊಕದ್ದಮೆಯಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ಮೂರು ವರ್ಷಗಳಲ್ಲಿ, 1975ರಲ್ಲಿ, ಆ ದೇಶವು ಮಾಡಿದ ಕಾಯಿದೆಯ ವಿಶೇಷವೇನೆಂದರೆ, ಅದು ಜಗಳವನ್ನು ಅಪಶಕುನವೆಂದು ಭಾವಿಸಲಿಲ್ಲ. ಪ್ರತಿಯೊಂದು ಮಗುವಿಗೂ ಏನೇನು ಮಾಡುತ್ತೇವೆಂಬುದನ್ನು ಬರೆಹದಲ್ಲಿಡಬೇಕು; ಆ ಸಭೆಯಲ್ಲಿ ತಾಯಿತಂದೆಗಳು ಕುಳಿತಿರಬೇಕು; ಒಪ್ಪಿಗೆಯಾಗದಿದ್ದರೆ ಪಕ್ಷಪಾತವಿಲ್ಲದವನೊಬ್ಬನ ಮುಂದೆ ವಿಚಾರಣೆಯಾಗಬೇಕು. ಕೊಲೊರಾಡೊದ ಆಟಿಸಂ ಬಾಲಕನೊಬ್ಬನಿಗೆ ಏನೂ ಇಲ್ಲದುದಕ್ಕಿಂತ ತುಸು ಹೆಚ್ಚು ಪ್ರಗತಿಯಾದರೆ ಸಾಕೆಂದು ಶಾಲೆಯವರು ವಾದಿಸಿದಾಗ, ಅಷ್ಟು ಸಾಲದೆಂದು 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಏಕಮತದಿಂದ ಹೇಳಿತು. ಆ ಬಾಲಕನ ತಾಯಿತಂದೆಗಳು ವರ್ಷಗಟ್ಟಲೆ ಜಗಳವಾಡಿದುದರ ಫಲವನ್ನು ಈಗ ಆ ದೇಶದ ಎಲ್ಲ ಮಕ್ಕಳೂ ಉಣ್ಣುತ್ತಿರುವರು. ಅಲ್ಲಿ ಎಲ್ಲವೂ ಸೊಗಸೆಂದು ನಾನು ಹೇಳುತ್ತಿಲ್ಲ. ದೂರಿದವರೇ ಸಾಧಿಸಬೇಕೆಂದು 2005ರಲ್ಲಿ ಅದೇ ನ್ಯಾಯಾಲಯ ವಿಧಿಸಿದುದರಿಂದ, ವಕೀಲರನ್ನಿಡಲು ಶಕ್ತಿಯುಳ್ಳವರ ಮಗುವಿಗೆ ಒಂದು ನ್ಯಾಯ, ಇಲ್ಲದವರದಕ್ಕೆ ಮತ್ತೊಂದು ಎಂಬಂತಾಗಿರುವುದೂ ಉಂಟು.

ನಮ್ಮ ಅಧಿನಿಯಮದ ಕೊರತೆಯು ಇಲ್ಲಿಯೇ ಇದೆ. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದುವು, ಈಗಿನದರಲ್ಲಿ ಇಪ್ಪತ್ತೊಂದು. ಕರ್ತವ್ಯಗಳ ಪಟ್ಟಿ ಉದ್ದವಾಗಿದೆ. ಆದರೆ ಮಗುವಿಗೆ ಏನು ಮಾಡುತ್ತೇವೆಂದು ಶಾಲೆಯು ತಾಯಿತಂದೆಗಳೊಡನೆ ಕುಳಿತು ಬರೆದು ರುಜುಮಾಡಬೇಕೆಂಬ ವಿಧಿ ಆ ಅಧಿನಿಯಮದಲ್ಲಿಲ್ಲ. ಮನಸ್ತಾಪವಾದರೆ ತಾಲ್ಲೂಕಿನಲ್ಲಿಯೇ ಕೇಳುವವರಾರೆಂಬುದು ಅದರಲ್ಲಿಲ್ಲ. ರಾಜ್ಯ ಆಯುಕ್ತರಿರುವರು, ಸಿವಿಲ್ ನ್ಯಾಯಾಲಯದ ಅಧಿಕಾರಗಳಲ್ಲಿ ಕೆಲವು ಅವರಿಗುಂಟು, ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಮೂರು ತಿಂಗಳೊಳಗೆ ಉತ್ತರ ಹೇಳಬೇಕು. ಸರಿಯೆ. ಆದರೆ ಶಾಲೆಯ ವರ್ಷವಿರುವುದು ಹತ್ತು ತಿಂಗಳು. ನೀರು ಕುಡಿಯದೆ ಕುಳಿತ ಹುಡುಗಿಗೆ ಬೆಂಗಳೂರಿನ ಆಯುಕ್ತರು ಯಾವಾಗ ಎಟುಕಬೇಕು? ಕರ್ತವ್ಯವನ್ನು ವಿಧಿಸಿ, ಕೇಳುವ ಬಾಗಿಲನ್ನು ದೂರದಲ್ಲಿಟ್ಟರೆ, ತಾಯಿಯಾದವಳಿಗೆ ಜಗಳವೊಂದೇ ಬಾಗಿಲಾಗುತ್ತದೆ. ಆ ಬಾಗಿಲನ್ನು ತಟ್ಟಿದ ಸದ್ದಿಗೆ ಕಿವಿ ಮುಚ್ಚಿಕೊಂಡು ‘ಗಲಾಟೆ’ ಎನ್ನುವುದು ಯಾವ ನ್ಯಾಯ? ಘಟ್ಟಕುಟೀಪ್ರಭಾತ ನ್ಯಾಯವೆಂದು ತರ್ಕದವರು ಹೇಳುವರು. ಸುಂಕ ತಪ್ಪಿಸಿಕೊಳ್ಳಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ಗಾಡಿಯವನು ಬೆಳಕು ಹರಿದಾಗ ಸುಂಕದಕಟ್ಟೆಯ ಮುಂದೆಯೇ ನಿಂತಿದ್ದನಂತೆ. ನಮ್ಮ ಶಾಲೆಯವರೂ ಎರಡು ತಿಂಗಳು ಅಲೆದು ಬೆಂಚು ಹೊರುವಲ್ಲಿಗೇ ಬಂದರು.

ಕಡೆಯದಾಗಿ, ನಮ್ಮ ಮಿತ್ರರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ತರಗತಿಯು ಕೆಳಗೆ ಬಂದ ಮೇಲೆ ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಆ ಹುಡುಗಿ ಪ್ರಶ್ನೆ ಕೇಳಲು ಎಡಗೈಯನ್ನು ಎತ್ತಿದಾಗ ಒಬ್ಬ ಉಪಾಧ್ಯಾಯರು, ‘ಇವಳಿಗೆ ಮೊದಲು ಹೇಳಿಬಿಡ್ರಪ್ಪ, ಇಲ್ಲದಿದ್ದರೆ ಅವರಮ್ಮ ಅರ್ಜಿ ಬರೀತಾರೆ’ ಎಂದರಂತೆ. ತರಗತಿ ನಕ್ಕಿತಂತೆ. ಮೂವತ್ತು ವರ್ಷಗಳ ಹಿಂದಿನ ನಗು ಇನ್ನೂ ನಮ್ಮ ತರಗತಿಗಳಲ್ಲಿಯೇ ಇದೆ. ಆ ಸಂಜೆ ಮಗಳು ತಾಯಿಗೆ, ‘ಇನ್ನು ಏನೂ ಕೇಳಬೇಡಮ್ಮ’ ಎಂದಳು. ಶಾಲಾ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯನ್ನು ಕೇಳಿ ನಾವು ಬರೆದಿಟ್ಟಿದ್ದ ಎರಡನೆಯ ಅರ್ಜಿ ನನ್ನ ಮೇಜಿನ ಮೇಲೆಯೇ ಉಳಿಯಿತು. ತಾಯಿ ಬಂದು, ‘ಬೇಡಿ ಮೇಷ್ಟ್ರೇ, ಮಗು ಶಾಲೇಲಿ ಬದುಕಬೇಕಲ್ಲ’ ಎಂದಳು.

ಜಗಳವಾಡುವ ತಾಯಿಯನ್ನು ಕುರಿತು ಲೇಖನವಾಯಿತು. ಜಗಳವಾಡದೆ ಸುಮ್ಮನಾದವರನ್ನು ಕುರಿತು ಯಾರು ಬರೆಯುವರು? ನಮ್ಮ ತಾಲ್ಲೂಕಿನಲ್ಲಿ ಮನೆಯ ಮೂಲೆಯಲ್ಲಿ ಕುಳಿತಿರುವ ಮಕ್ಕಳನ್ನು ನಾನು ಬಲ್ಲೆ. ಹಾಜರಿಯಲ್ಲಿ ಹೆಸರಿದ್ದು ತರಗತಿಯಲ್ಲಿ ಇಲ್ಲದವರನ್ನೂ ಬಲ್ಲೆ. ಅವರ ತಾಯಿತಂದೆಗಳು ಕಾಯಿದೆಯನ್ನು ಕಂಡವರಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಬಾಯಿಬಿಡುವ ಧೈರ್ಯದವರಲ್ಲ. ಅಂಗವೈಕಲ್ಯದ ಚೀಟಿಗಾಗಿ ಜಿಲ್ಲಾಸ್ಪತ್ರೆಗೆ ಮೂರು ಸಲ ಹೋಗಿ ಮೂರು ದಿನದ ಕೂಲಿಯನ್ನು ಕಳೆದುಕೊಂಡವರು.

ನಮ್ಮ ಸಂಘದ ಕಾರ್ಯದರ್ಶಿಗಳ ಅನುಮತಿಯನ್ನು ಪಡೆದಿದ್ದೇನೆ. ಬರುವ ತಿಂಗಳಿನಿಂದ ಪ್ರತಿ ಭಾನುವಾರ ಬೆಳಗ್ಗೆ 10ರಿಂದ 12ರವರೆಗೆ ಸಂಘದ ವಾಚನಾಲಯದ ಪಡಸಾಲೆಯಲ್ಲಿ ಕುಳಿತಿರುತ್ತೇನೆ. ಇಂಥ ಮಕ್ಕಳ ತಾಯಿತಂದೆಗಳಿಗೆ ಅರ್ಜಿಯನ್ನು ಬರೆದುಕೊಡುವೆನು. ಕಾಗದ, ಅಂಚೆ ವೆಚ್ಚ ನನ್ನದು. ಕೊಟ್ಟ ಅರ್ಜಿಗೆ ಸ್ವೀಕೃತಿಯನ್ನು ಬರೆಸಿಕೊಳ್ಳುವುದನ್ನೂ, ಉತ್ತರವನ್ನು ಬರೆಹದಲ್ಲಿಯೇ ಕೇಳುವುದನ್ನೂ ಹೇಳಿಕೊಡುವೆನು. ಮೊದಲನೆಯ ಭಾನುವಾರ ನನ್ನ ಮಿತ್ರ ಲೇಖಕರೂ ಬಂದು ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ಈ ಮೂಲಕ ಆಹ್ವಾನಿಸುತ್ತೇನೆ. ಅವರ ಅಕ್ಷರ ನನ್ನದಕ್ಕಿಂತ ದುಂಡಗಿದೆ.